ಬಾಜೋಗಳ ಕಡಲಲ್ಲಿ: ಮಕಾಸ್ಸರ್‌ನಿಂದ ಸಂಪೆಲಾವರೆಗೆ

ಮೊದಲ ದಿನ: ಮಕಾಸ್ಸರ್

ಬೆಂಗಳೂರಿನಿಂದ ಜಕಾರ್ತ, ಅಲ್ಲಿಂದ ಮಕಾಸ್ಸರ್. ವಿಮಾನದ ಕಥೆ ಇಷ್ಟೇ. ಇಂಡೋನೇಷ್ಯಾಕ್ಕೆ ಹೋದವರು ಹೆಚ್ಚಾಗಿ ಬಾಲಿ ನೋಡಿಕೊಂಡು ವಾಪಸ್ ಬರುತ್ತಾರೆ. ನಮಗೆ ಸುಲಾವೇಸಿಗೆ ಹೋಗಬೇಕಿತ್ತು. ಅದರ ಆಗ್ನೇಯ ಮೂಲೆಯಲ್ಲಿ ವಕಾತೋಬಿ ಅಂತ ದ್ವೀಪಗಳ ಗುಂಪಿದೆ. ವಾಂಗಿ-ವಾಂಗಿ, ಕಲೆದುಪಾ, ತೋಮಿಯಾ, ಬಿನೋಂಕೋ ಅನ್ನುವ ನಾಲ್ಕು ದ್ವೀಪಗಳ ಮೊದಲ ಅಕ್ಷರ ಸೇರಿಸಿ ಆ ಹೆಸರು ಕಟ್ಟಿದ್ದಾರೆ. ಅಲ್ಲಿ ನೀರಿನ ನಡುವೆ ಮನೆ ಮಾಡಿಕೊಂಡು ಬಾಜೋ ಜನ ಇದ್ದಾರೆ. ತಮ್ಮನ್ನು ತಾವು ಅವರು ಸಾಮಾ ಅಂತಾರೆ. ಇವರ ನಂಟರು ಫಿಲಿಪೈನ್ಸ್‌ನಲ್ಲೂ ಇದ್ದಾರೆ, ಮಲೇಷ್ಯಾದ ಸಬಾ ಕಡೆಯೂ ಇದ್ದಾರೆ.

ಹೊರಡುವ ಮೊದಲು ಇವರ ಬಗ್ಗೆ ನಾನು ಕೇಳಿದ್ದು ಎರಡು ಮಾತು. ಇವರು ಕಡಲ್ಗಳ್ಳರ ಸಂತತಿ ಅನ್ನುವುದು ಒಂದು. ಹವಳ ಹಾಳು ಮಾಡಿದವರು ಇವರೇ ಅನ್ನುವುದು ಇನ್ನೊಂದು. ಎರಡನ್ನೂ ಹೇಳಿದವರು ಬಾಜೋಗಳಲ್ಲ. ಅದಕ್ಕೇ ಹೋಗಿ ನೋಡೋಣ ಅನ್ನಿಸಿತ್ತು. ಜೊತೆಗೆ ನಮ್ಮ ಭಾವ ಬಂದಿದ್ದರು. ಅವರಿಗೆ ಕಡಲು ಅಂದ್ರೆ ಪ್ರಾಣ, ದೋಣಿ ಹತ್ತಿದರೆ ವಾಂತಿ.

ಬೆಳಿಗ್ಗೆ ಬೇಗ ಪಾವೊತೆರೆ ಬಂದರಿಗೆ ಹೋದೆವು. ಮರದ ಪಿನಿಸಿ ಹಡಗುಗಳು ಸಾಲಾಗಿ ಮೂತಿ ಚಾಚಿ ನಿಂತಿದ್ದವು. ಒಂದಕ್ಕೆ ಸಿಮೆಂಟ್ ಮೂಟೆ, ಇನ್ನೊಂದಕ್ಕೆ ಅಕ್ಕಿ, ಮತ್ತೊಂದಕ್ಕೆ ಮೋಟಾರ್ ಬೈಕು ಏರಿಸುತ್ತಿದ್ದರು. ಒಂದೇ ಹಲಗೆಯ ಮೇಲೆ ಹೆಗಲಲ್ಲಿ ಮೂಟೆ ಹೊತ್ತು ಓಡುವವರನ್ನು ನೋಡಿಯೇ ಭಾವನಿಗೆ ತಲೆ ಸುತ್ತಿತು. ಬಂದರಿನ ಹೊರಗೆ ಸುಟ್ಟ ಮೀನಿನ ಅಂಗಡಿಗಳಿವೆ. ಮೀನನ್ನು ನಾವೇ ಆರಿಸಿ ಕೊಡಬೇಕು, ತೂಕ ಹಾಕಿಸಿ ಬೆಲೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಸಂಜೆ ಲೊಸಾರಿ ದಂಡೆಯಲ್ಲಿ ಪಿಸಾಂಗ್ ಎಪೆ ತಿಂದೆವು. ಬಾಳೆಕಾಯಿ ಸುಟ್ಟು, ಹಲಗೆಗಳ ನಡುವೆ ಚಪ್ಪಟೆ ಮಾಡಿ, ಮೇಲೆ ತಾಳೆಬೆಲ್ಲದ ಪಾಕ ಸುರಿಯುತ್ತಾರೆ.

ಮಧ್ಯಾಹ್ನ ಬಿಸಿಲಲ್ಲಿ ಫೋರ್ಟ್ ರೋಟರ್‌ಡ್ಯಾಮ್ ನೋಡಿದೆವು. ಮೊದಲು ಇದು ಗೋವಾ ರಾಜ್ಯದ ಕೋಟೆ. ನಮ್ಮ ಪಕ್ಕದ ಗೋವಾ ಅಲ್ಲ, ಇಲ್ಲಿನ ಮಕಾಸ್ಸರ್ ಅರಸರ ಗೋವಾ. 1667ರ ಬೊಂಗಾಯಾ ಒಪ್ಪಂದದಲ್ಲಿ ಡಚ್ ಕಂಪನಿ ಇದನ್ನು ಕಿತ್ತುಕೊಂಡಿತು. ಜಗಳ ಶುರುವಾದದ್ದು ಅದಕ್ಕೂ ಮೊದಲು. ಲವಂಗ, ಜಾಯಿಕಾಯಿ ತಮ್ಮ ಹೊರತು ಬೇರೆ ಯಾರೂ ಸಾಗಿಸಬಾರದು ಅಂತ ಡಚ್ಚರು ಹಟ ಹಿಡಿದಿದ್ದರು. 1615ರಲ್ಲಿ ಮಕಾಸ್ಸರ್‌ನ ಸುಲ್ತಾನ್ ಅಲಾವುದ್ದೀನ್ ಕೊಟ್ಟ ಉತ್ತರ ಇವತ್ತಿಗೂ ಇಲ್ಲಿ ಪ್ರಸಿದ್ಧ: ದೇವರು ನೆಲವನ್ನು ಜನರಿಗೆ ಹಂಚಿದ, ಕಡಲನ್ನು ಎಲ್ಲರಿಗೂ ಒಟ್ಟಿಗೆ ಕೊಟ್ಟ, ಕಡಲಲ್ಲಿ ಹೋಗಬೇಡ ಅಂತ ಯಾರಿಗಾದರೂ ಹೇಳಿದ್ದನ್ನು ಈವರೆಗೆ ಕೇಳಿಲ್ಲ. ಡಚ್ಚರು ಕೇಳಲಿಲ್ಲ. ಅವರ ಪಾಸ್ ಇಲ್ಲದೆ ಓಡಾಡುವ ದೋಣಿ ಅವರ ಲೆಕ್ಕದಲ್ಲಿ ಕಳ್ಳದೋಣಿಯಾಯಿತು.

ಹೊನ್ನಾವರ ಕಡೆಯವನಾದ ನನಗೆ ಇದು ಹೊಸದಲ್ಲ. ನಮ್ಮ ಕರಾವಳಿಯಲ್ಲಿ ಪೋರ್ಚುಗೀಸರು ಕರ್ತಾಜ್ ಅನ್ನುವ ಪಾಸ್ ಹಂಚಿದ್ದರು, ಇಲ್ಲದವರ ಹಡಗು ಹಿಡಿಯುತ್ತಿದ್ದರು. ನಮ್ಮೂರಿನ ತಿಮ್ಮೋಜ ಅವರಿಗೆ ಮೊದಲು ಕಡಲ್ಗಳ್ಳ. 1510ರಲ್ಲಿ ನಮ್ಮ ಪಕ್ಕದ ಗೋವಾ ಹಿಡಿಯಲು ದಾರಿ ತೋರಿಸಿದ ಮೇಲೆ ಮಿತ್ರ. ಆದ್ದರಿಂದ ಕಡಲ್ಗಳ್ಳ ಅಂತ ಎಲ್ಲಾದರೂ ಓದಿದರೆ, ಬರೆದವನು ಯಾರು ಅಂತ ನೋಡುವ ಅಭ್ಯಾಸ ನನಗೆ.

ಎರಡನೇ ದಿನ: ಬೌಬೌ

ಚಿಕ್ಕ ವಿಮಾನದಲ್ಲಿ ಬೌಬೌ. ಇದು ಬುತೊನ್ ದ್ವೀಪದ ಊರು. ಬುತೊನ್ ಸುಲ್ತಾನರ ಕೋಟೆ ಗುಡ್ಡದ ಮೇಲಿದೆ. ಸುತ್ತಳತೆ ಎರಡೂವರೆ ಕಿಲೋಮೀಟರಿಗೂ ಹೆಚ್ಚು, ಗೋಡೆಯೆಲ್ಲ ಹವಳದ ಕಲ್ಲು. ಕೋಟೆಯೊಳಗೆ ಈಗಲೂ ಜನ ಸಂಸಾರ ಮಾಡುತ್ತಿದ್ದಾರೆ. ಫಿರಂಗಿಯ ಮೇಲೆ ಯಾರೋ ಲುಂಗಿ ಒಣಗಿಸಿದ್ದರು. ಗೋಡೆಯ ಮೇಲೆ ನಿಂತರೆ ಜಲಸಂಧಿ ಪೂರ್ತಿ ಕಾಣುತ್ತದೆ. ಯಾವ ಕಡೆಯಿಂದ ದೋಣಿ ಬಂದರೂ ಮೊದಲೇ ಗೊತ್ತಾಗಬೇಕು, ಅಂಥ ಜಾಗ.

ಉತ್ತರದಿಂದ, ಅಂದರೆ ಫಿಲಿಪೈನ್ಸ್‌ನ ದಕ್ಷಿಣ ತುದಿಯ ಸುಲು ದ್ವೀಪಗಳಿಂದ, ಸುಲು ದಾಳಿಕೋರರು, ಹಲ್ಮಹೆರಾ ದ್ವೀಪದಿಂದ ತೊಬೆಲೊ ಜನ, ಇಬ್ಬರೂ ಈ ದ್ವೀಪಗಳ ಮೇಲೆ ಬೀಳುತ್ತಿದ್ದರು. ವಕಾತೋಬಿಯ ದ್ವೀಪಗಳಲ್ಲೂ ಗುಡ್ಡದ ಮೇಲೆ ಕಲ್ಲಿನ ಕೋಟೆಗಳಿರುವುದು ಸುಮ್ನೆ ಅಲ್ಲ. ದಾಳಿಕೋರರಿಗೆ ಹೊನ್ನು ಬೇಕಿರಲಿಲ್ಲ, ಜನ ಬೇಕಿದ್ದರು. ಈ ಕಥೆಯಲ್ಲಿ ನನಗೆ ಮರೆಯಲಾಗದ್ದು ಅದರ ಹಿಂದಿನ ಕಾರಣ. 18ನೇ ಶತಮಾನದ ಕೊನೆಗೆ ಇಂಗ್ಲಿಷರಿಗೆ ಚಹಾ ಹುಚ್ಚು ಹಿಡಿದಿತ್ತು. ಚಹಾ ಇದ್ದದ್ದು ಚೀನಾದಲ್ಲಿ. ಚೀನಾದವರಿಗೆ ಇಂಗ್ಲೆಂಡಿನ ಸಾಮಾನು ಬೇಡ. ಅವರು ಕೇಳಿದ್ದು ತ್ರೆಪಾಂಗ್, ಅಂದರೆ ಒಣಗಿಸಿದ ಸಮುದ್ರ ಸೌತೆ. ಜೊತೆಗೆ ಮುತ್ತಿನ ಚಿಪ್ಪು, ಹಕ್ಕಿಗೂಡು. ಇವೆಲ್ಲ ಸಿಗುವುದು ಸುಲು ಕಡಲಲ್ಲಿ. ಅಲ್ಲಿ ಮುಳುಗಿ ತೆಗೆಯಲು ಕೈಗಳು ಬೇಕು. ಸುಲು ಸುಲ್ತಾನರ ಆಸರೆಯಲ್ಲಿ ಇರಾನುನ್ ಮತ್ತು ಬಲಂಗಿಂಗಿ ದಾಳಿಕೋರರು ಊರೂರಿನಿಂದ ಜನರನ್ನು ಹಿಡಿದು ತಂದರು. 1770ರಿಂದ 1870ರವರೆಗೆ ಹೀಗೆ ಸೆರೆಯಾದವರು ಎರಡರಿಂದ ಮೂರು ಲಕ್ಷ ಅಂತ ಇತಿಹಾಸಕಾರರ ಅಂದಾಜು. ಬಂದೂಕು, ಮದ್ದು ಕೊಟ್ಟವರು ಯುರೋಪಿನ ವ್ಯಾಪಾರಿಗಳು. ಆಮೇಲೆ ಕಡಲ್ಗಳ್ಳರ ಕಾಟ ಅಂತ ಗೋಳಾಡಿದವರೂ ಅವರೇ.

ಬಲಂಗಿಂಗಿಗಳು ಸಾಮಾ ಭಾಷೆಯವರು, ಬಾಜೋಗಳ ದಾಯಾದಿಗಳು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1848ರಲ್ಲಿ ಸ್ಪೇನ್‌ನವರು ಉಗಿಹಡಗು ತಂದು ಬಲಂಗಿಂಗಿ ಕೋಟೆ ಒಡೆದರು. ಗಾಳಿಗೆ ಕಾಯದ ಹಡಗಿನ ಎದುರು ಹುಟ್ಟಿನ ದೋಣಿ ನಿಲ್ಲಲಿಲ್ಲ. ಆದರೆ ಸುಲಾವೇಸಿಯ ಬಾಜೋಗಳ ದಾರಿ ಹೆಚ್ಚಾಗಿ ಬೇರೆಯದೇ. ಇವರು ಸುಲಾವೇಸಿಯದೇ ಬೋನೆ, ಗೋವಾ ಅರಸರಿಗೆ ತ್ರೆಪಾಂಗ್ ಒಪ್ಪಿಸುವವರು, ಸುದ್ದಿ ತಲುಪಿಸುವವರು. ಇವರಲ್ಲೂ ಕೆಲವರು ದಾಳಿಗೆ ಹೋದರು, ಎಷ್ಟೋ ಜನ ದಾಳಿಗೆ ಸಿಕ್ಕರು. 1512-15ರ ಹೊತ್ತಿಗೆ ಪೋರ್ಚುಗೀಸ್ ಔಷಧ ವ್ಯಾಪಾರಿ ತೋಮೆ ಪಿರೆಸ್ ಈ ಕಡೆಯ ಕಡಲ ಜನರನ್ನೆಲ್ಲ ಒಂದೇ ಚೀಲಕ್ಕೆ ತುಂಬಿ, ಲೋಕದಲ್ಲಿ ಇವರಷ್ಟು ಕಳ್ಳರಿಲ್ಲ ಅಂತ ಬರೆದಿಟ್ಟ. ಆ ಚೀಲದ ಮೇಲೆ ಬಿದ್ದ ಹೆಸರು ಬಾಜೋಗಳದ್ದು.

ಕೋಟೆಯಿಂದ ಇಳಿಯುವಾಗ ಮಳೆ ಹಿಡಿಯಿತು. ಒಂದು ಅಂಗಡಿಯ ಸೂರಿನಡಿ ನಿಂತೆವು. ಅಂಗಡಿಯ ಇಬು, ಅಂದರೆ ಅಮ್ಮ, ನಮ್ಮ ಮುಖ ನೋಡಿ "ಇಂಡಿಯಾ? ಶಾರುಖ್ ಖಾನ್!" ಅಂತ ಕೂಗಿದರು. ಭಾವ ಎರಡು ಸಾಲು ಹಿಂದಿ ಹಾಡು ಹೇಳಿ ಬಿಸಿ ಬಾಳೆಕಾಯಿ ಬಜ್ಜಿ ಗಿಟ್ಟಿಸಿದರು. ಇಲ್ಲಿ ಬಜ್ಜಿಗೆ ಖಾರದ ಚಟ್ನಿ ಹಚ್ಚಿಕೊಂಡು ತಿನ್ನುತ್ತಾರೆ. ಚೆನ್ನಾಗಿರುತ್ತದೆ.

ರಾತ್ರಿ ಮರದ ಹಡಗು ಹತ್ತಿದೆವು. ಉದ್ದಕ್ಕೂ ಹಾಸಿಗೆ ಹಾಸಿದ ಅಟ್ಟ, ಪ್ರತಿಯೊಬ್ಬರಿಗೂ ಒಂದು ನಂಬರ್. ಬೇಗ ಹೋದರೆ ಕಿಟಕಿ ಪಕ್ಕ ಸಿಗುತ್ತದೆ. ತಡವಾದರೆ ಎಂಜಿನ್ ಮೇಲೆ ಮಲಗಬೇಕು. ಭಾವ ಮಾತ್ರೆ ನುಂಗಿ ಕಣ್ಣು ಮುಚ್ಚಿದರು. ನಡುರಾತ್ರಿ ಯಾರದೋ ಕೋಳಿ ಬುಟ್ಟಿಯಿಂದ ತಪ್ಪಿಸಿಕೊಂಡು ಎಲ್ಲರ ಎದೆಯ ಮೇಲೆ ಓಡಾಡಿತು.

ಮೂರನೇ ದಿನ: ವಾಂಗಿ-ವಾಂಗಿ, ಮೋಲಾ

ಬೆಳಗಿನ ಜಾವ ವಾಂಚಿ ಬಂದರು. ಹಣ ಬೇಕಿದ್ದರೆ ಎಟಿಎಂನಲ್ಲಿ ಇಲ್ಲೇ ತೆಗೆದುಕೊಳ್ಳಿ, ಮುಂದಿನ ದ್ವೀಪಗಳಲ್ಲಿ ನಂಬಿ ಕೂರಬೇಡಿ ಅಂತ ಹಡಗಿನಲ್ಲೇ ಒಬ್ಬರು ಹೇಳಿದ್ದರು. ಮಾಡಿದ್ದು ಒಳ್ಳೆಯದಾಯಿತು.

ವಾಂಚಿಗೆ ತಾಗಿಕೊಂಡೇ ಮೋಲಾ. ಇಂಡೋನೇಷ್ಯಾದ ದೊಡ್ಡ ಬಾಜೋ ಊರುಗಳಲ್ಲಿ ಇದೂ ಒಂದು. ಹವಳದ ಕಲ್ಲು ಪೇರಿಸಿ ಕಡಲನ್ನೇ ತುಂಬಿ ಮನೆ ಕಟ್ಟಿದ್ದಾರೆ. ಮನೆಗಳ ನಡುವೆ ಕಾಲುವೆ, ಅದರ ಮೇಲೆ ಕಮಾನಿನ ಸೇತುವೆ, ಅಡಿಯಲ್ಲಿ ದೋಣಿ. ಹೆಂಗಸರು ಮುಖಕ್ಕೆ ಅಕ್ಕಿ ಅರಿಶಿನದ ಲೇಪ ಬಳಿದುಕೊಂಡು ಬಿಸಿಲಲ್ಲಿ ಹುಟ್ಟು ಹಾಕುತ್ತಾರೆ. ನಮ್ಮ ಸನ್‌ಸ್ಕ್ರೀನ್‌ಗಿಂತ ಅದೇ ಜಾಸ್ತಿ ಹೊತ್ತು ನಿಂತಿತು.

ಇಲ್ಲಿ ನಮಗೆ ಗೈಡ್ ಆಗಿ ಸಿಕ್ಕ ಹುಡುಗ ಕಲೆದುಪಾ ಪಕ್ಕದ ಸಂಪೆಲಾ ಅನ್ನುವ ಬಾಜೋ ಊರಿನವನು. ವಿದೇಶಿ ಸಂಶೋಧಕರ ಜೊತೆ ಕೆಲಸ ಮಾಡಿ ಇಂಗ್ಲಿಷ್ ಕಲಿತಿದ್ದ. ಅವನು ನಮ್ಮನ್ನು ಒಬ್ಬ ಅಜ್ಜನ ಮನೆಗೆ ಕರೆದುಕೊಂಡು ಹೋದ. ಎಲ್ಲರೂ ಅವರನ್ನು "ಪಾಕ್" ಅಂತ ಗೌರವದಿಂದ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಹಲ್ಲಿಲ್ಲದ ಬಾಯಲ್ಲಿ ಲವಂಗದ ಸಿಗರೇಟು. ಆಸ್ಟ್ರೇಲಿಯಾದ ಜೈಲು ನೋಡಿ ಬಂದವರು.

"ಊಟ ಚೆನ್ನಾಗಿತ್ತು," ಅಂದರು. "ಟಿವಿ ಇತ್ತು. ದೋಣಿ ಮಾತ್ರ ಸುಟ್ಟುಬಿಟ್ಟರು."

ಕಥೆ ಹೀಗಿದೆ. ಮಕಾಸ್ಸರ್ ಕಡೆಯ ದೋಣಿಗಳು ನೂರಾರು ವರ್ಷ ತ್ರೆಪಾಂಗ್ ಹುಡುಕಿಕೊಂಡು ಆಸ್ಟ್ರೇಲಿಯಾದ ಉತ್ತರ ದಂಡೆಯವರೆಗೆ ಹೋಗುತ್ತಿದ್ದವು. ಅಲ್ಲಿನ ಸರ್ಕಾರ 1907ರಲ್ಲಿ ಅದನ್ನು ನಿಲ್ಲಿಸಿತು. ನಡುಗಡಲಿನ ಹವಳ ದಿಬ್ಬಗಳಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಆಶ್ಮೋರ್ ದಿಬ್ಬವನ್ನು ಇವರು ಪುಲಾವು ಪಾಸಿರ್, ಮರಳು ದ್ವೀಪ ಅನ್ನುತ್ತಾರೆ. 1974ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡು, ಹಳೆಯ ಪದ್ಧತಿಯಲ್ಲಿ ಹಾಯಿದೋಣಿಯಲ್ಲಿ ಬರುವವರಿಗೆ ಒಂದಷ್ಟು ಜಾಗ ಬಿಟ್ಟುಕೊಟ್ಟವು. ಎಂಜಿನ್ ಇರಬಾರದು. 1983ರಲ್ಲಿ ಆಶ್ಮೋರ್ ಸಂರಕ್ಷಿತ ಪ್ರದೇಶವಾಯಿತು. ಆಮೇಲೆ ಶಾರ್ಕ್ ರೆಕ್ಕೆಗೆ ಒಳ್ಳೆಯ ಬೆಲೆ ಬಂತು. ಮೋಲಾದ ದೋಣಿಗಳು ಗೆರೆ ದಾಟಿದವು, ಸಿಕ್ಕಿಬಿದ್ದವು.

"ಗೆರೆ ಎಲ್ಲಿದೆ ಅಂತ ಗೊತ್ತಿರಲಿಲ್ವಾ?" ಅಂತ ಭಾವ ಕೇಳಿದರು.

ಅಜ್ಜ ಜೋರಾಗಿ ನಕ್ಕರು. "ಗೊತ್ತಿತ್ತು. ಶಾರ್ಕ್‌ಗೆ ಗೊತ್ತಿರಲಿಲ್ಲ."

ಆ ಒಪ್ಪಂದದಲ್ಲಿರುವ ದಿಬ್ಬಗಳ ಹೆಸರನ್ನು ಗೈಡ್ ಹುಡುಗ ಫೋನಿನ ನಕಾಶೆಯಲ್ಲಿ ತೋರಿಸುತ್ತಿದ್ದ. ಆಶ್ಮೋರ್, ಕಾರ್ಟಿಯರ್, ಸ್ಕಾಟ್, ಬ್ರೌಸ್. ಇನ್ನೊಂದು ಓದಿ ನಾವಿಬ್ಬರೂ ಮುಖ ನೋಡಿಕೊಂಡೆವು. ಸೆರಿಂಗಪಟಂ! ಇಂಗ್ಲಿಷರ ಬಾಯಲ್ಲಿ ನಮ್ಮ ಶ್ರೀರಂಗಪಟ್ಟಣ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅವರು ಹಡಗುಗಳಿಗೂ ಆ ಹೆಸರು ಇಟ್ಟುಕೊಂಡು ಮೆರೆದರು, ಹೆಸರು ಇಷ್ಟು ದೂರ ತೇಲಿಬಂದಿದೆ. ಅಲ್ಲಿ ಮೀನು ಹೇಗಿದೆ ಅಂತ ಕೇಳಿದೆ. ಅಜ್ಜ ಬೆರಳಿಗೆ ಮುತ್ತಿಟ್ಟು ತೋರಿಸಿದರು.

ನಾಲ್ಕನೇ ದಿನ: ಸಂಪೆಲಾ

ಕಲೆದುಪಾಕ್ಕೆ ದೋಣಿ ಬೆಳಿಗ್ಗೆ ಮಾತ್ರ. ಸುಮಾರು ಎರಡು ಗಂಟೆ ದಾರಿ. ಜುಲೈ, ಆಗಸ್ಟ್‌ನಲ್ಲಿ ಆಗ್ನೇಯದಿಂದ ಜೋರು ಗಾಳಿ, ದೋಣಿ ನಿಂತರೂ ನಿಲ್ಲಬಹುದು. ನಾವು ಹೋದದ್ದು ಅಕ್ಟೋಬರ್‌ನಲ್ಲಿ, ಕಡಲು ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ಭಾವನಿಗೆ ಅವತ್ತು ಏನೂ ಆಗಲಿಲ್ಲ. ಎರಡು ಸಲ ಹೇಳಿಕೊಂಡರು.

ಸಂಪೆಲಾಕ್ಕೆ ಹೊರಟಾಗ ನೀರು ಇಳಿದಿತ್ತು. ಊರು ಕಣ್ಣೆದುರೇ ಇದೆ, ದೋಣಿ ಕಡಲ ಹುಲ್ಲಿನ ಮೇಲೆ ಕೂತುಬಿಟ್ಟಿತು. ಚೀಲ ತಲೆಯ ಮೇಲೆ ಇಟ್ಟುಕೊಂಡು ಮೊಣಕಾಲುದ್ದ ನೀರಿನಲ್ಲಿ ನಡೆದೆವು. ಕಪ್ಪು ಮುಳ್ಳಿನ ಸೀ ಅರ್ಚಿನ್‌ಗಳು ಅಲ್ಲಲ್ಲಿ ಕೂತಿದ್ದವು. ಕಾಲು ಎತ್ತಿ ಇಡಬೇಡಿ, ಎಳೆದುಕೊಂಡು ಬನ್ನಿ ಅಂತ ಹುಡುಗ ಕೂಗುತ್ತಿದ್ದ. ದಪ್ಪ ಅಟ್ಟೆಯ ಚಪ್ಪಲಿ ಇಲ್ಲದೆ ಈ ಕಡೆ ಬರಬೇಡಿ.

ಸಾವಿರಕ್ಕೂ ಹೆಚ್ಚು ಜನರ ಊರು, ನೆಲ ಇಲ್ಲ. ಮರದ ಕಂಬ, ಹಲಗೆ ಸೇತುವೆ, ತೆಂಗಿನ ಗರಿ, ತಗಡು. ಮಕ್ಕಳು ಸೇತುವೆಯಿಂದ ನೀರಿಗೆ ಹಾರಿ ಇನ್ನೊಂದು ಮನೆಯಡಿ ಏಳುತ್ತಾರೆ. ಕುಡಿಯುವ ನೀರು ಕಲೆದುಪಾದಿಂದ ಕ್ಯಾನಿನಲ್ಲಿ ಬರಬೇಕು. ಆದ್ದರಿಂದ ಸ್ನಾನಕ್ಕೆ ಎರಡೇ ಚೊಂಬು ಅಂತ ಮನೆಯ ಇಬು ಮೊದಲೇ ಬೆರಳು ತೋರಿಸಿದರು. ಮಧ್ಯಾಹ್ನ ಕಸುಆಮಿ ಹಾಕಿದರು. ಮರಗೆಣಸು ತುರಿದು, ಹಿಂಡಿ, ಶಂಖದಾಕಾರದ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಿಸಿದ್ದು. ದಿನಗಟ್ಟಲೆ ಕೆಡುವುದಿಲ್ಲ, ದೂರ ಹೋಗುವ ದೋಣಿಗೆ ಇದೇ ಬುತ್ತಿ. ಜೊತೆಗೆ ಪರೆಂದೆ, ಬಿಂಬುಳಿ ಹಾಕಿದ ಹುಳಿ ಮೀನು ಸಾರು. ಭಾವ ಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದರು. ಇಬು ಒಂದು ಮಿಡಿ ಕಚ್ಚಿ ಕಣ್ಣು ಮುಚ್ಚಿ, ಬಾಟಲಿಯನ್ನು ತಮ್ಮ ಕಡೆ ಸರಿಸಿಕೊಂಡರು. ಅದು ವಾಪಸ್ ಬರಲಿಲ್ಲ.

ಸಂಜೆ ಸೇತುವೆ ಮೇಲೆ ಕೂತು ಕೇಳಿದ ಕಥೆ: ಬಾಜೋಗಳ ಮೂಲ ಜೊಹೋರ್ ಅಂತೆ. ರಾಜನ ಮಗಳು ಕಡಲಲ್ಲಿ ಕಳೆದುಹೋದಳು. ಹುಡುಕಿಕೊಂಡು ಬನ್ನಿ, ಇಲ್ಲದೆ ಬರಬೇಡಿ ಅಂತ ರಾಜ ಇವರನ್ನು ಕಳಿಸಿದ. ಸಿಗಲಿಲ್ಲ, ಇವರು ಹಿಂತಿರುಗಲೂ ಇಲ್ಲ. ಇನ್ನೊಂದನ್ನು ಹುಡುಗ ಹೇಳಿದ. ಮಗು ಹುಟ್ಟಿದಾಗ ಮಾಸನ್ನು ಕಡಲಿಗೆ ಬಿಡುತ್ತಾರೆ. ಅದು ಮಗುವಿನ ಒಡಹುಟ್ಟು, ಕಡಲಲ್ಲಿ ಇದ್ದುಕೊಂಡು ಕಾಯುತ್ತದೆ. ಊರಲ್ಲಿ ಮಸೀದಿಯೂ ಇದೆ, ಕಡಲ ಹಿರಿಯರಿಗೆ ಎಲೆಅಡಿಕೆ ಇಡುವುದೂ ಇದೆ. ಒಂದಕ್ಕೊಂದು ಅಡ್ಡ ಬಂದದ್ದು ನನಗೇನೂ ಕಾಣಲಿಲ್ಲ.

ನೀರಿನ ಮೇಲೆಯೇ ಯಾಕೆ, ದ್ವೀಪ ಪಕ್ಕದಲ್ಲೇ ಇದೆಯಲ್ಲ? ನೆಲ ಬೇರೆಯವರದ್ದು, ಅಂದ. ಮೊದಲು ಎಷ್ಟೋ ಕುಟುಂಬಗಳು ದೋಣಿಯಲ್ಲೇ ಇದ್ದವು. 1950ರ ದಶಕದಲ್ಲಿ ಸುಲಾವೇಸಿಯಲ್ಲಿ ಕಹರ್ ಮುಜಕ್ಕರ್‌ನ ಬಂಡಾಯ ಎದ್ದಾಗ ಹಲವು ಬಾಜೋ ಊರುಗಳು ಚದುರಿದವು. ಬಂಡಾಯಗಾರರಿಗೆ ಇವರು ಸೈನ್ಯದ ಕಡೆಯವರು, ಸೈನ್ಯಕ್ಕೆ ಇವರು ಬಂಡಾಯದ ಕಡೆಯವರು. ಆಮೇಲೆ ಸರ್ಕಾರ ಒಂದೇ ಕಡೆ ನೆಲೆಸಿ ಅಂತ ಒತ್ತಾಯ ಮಾಡಿತು.

ಐದನೇ ದಿನ: ನೀರಿನೊಳಗೆ

ಬೆಳಿಗ್ಗೆ ಹುಡುಗನ ಮಾವನ ಜೊತೆ ಹವಳ ದಿಬ್ಬಕ್ಕೆ ಹೋದೆವು. ಮರದಲ್ಲಿ ಕೆತ್ತಿದ ಕನ್ನಡಕ, ರಬ್ಬರ್ ಕಟ್ಟಿದ ಮರದ ಈಟಿಗನ್ನು. ಅವರು ಮುಳುಗಿದರು. ನಾನು ಮೇಲೆ ತೇಲುತ್ತ ನೋಡುತ್ತಿದ್ದೆ. ತಳದಲ್ಲಿ ನಡೆದರು. ಈಜಲಿಲ್ಲ, ನಿಜವಾಗಿ ನಡೆದರು, ಬಂಡೆಯ ಸಂದಿಯಲ್ಲಿ ಇಣುಕುತ್ತ. ನನ್ನ ಉಸಿರು ಕಟ್ಟಿ ನಾನು ಎರಡು ಸಲ ತಲೆ ಎತ್ತಿದೆ. ಸುಲಾವೇಸಿಯ ಜಯಾ ಬಕ್ತಿ ಅನ್ನುವ ಬಾಜೋ ಊರಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುವಂತೆ, ಇವರ ಗುಲ್ಮ (ಸ್ಪ್ಲೀನ್) ಪಕ್ಕದ ಸಾಲುವಾನ್ ಜನರದ್ದಕ್ಕಿಂತ ಅರ್ಧದಷ್ಟು ದೊಡ್ಡದು. ಮುಳುಗಿದಾಗ ಅದು ಹಿಂಡಿ ರಕ್ತಕ್ಕೆ ಆಮ್ಲಜನಕ ಕೊಡುತ್ತದೆ. ಮುಳುಗದ ಬಾಜೋಗಳಲ್ಲೂ ಹಾಗೇ ಇದೆ, ಹುಟ್ಟಿನಿಂದಲೇ ಬಂದದ್ದು. ಮಾವನಿಗೆ ಇದನ್ನು ಹೇಳಿದರೆ, "ಹಸಿವಿಗೂ ಅಂಥದ್ದೊಂದು ಇರಬೇಕು," ಅಂದರು.

ದಿಬ್ಬದ ಒಂದು ಕಡೆ ಬಣ್ಣದ ಹವಳ ಬೀಸಣಿಗೆಯಂತೆ ಅರಳಿತ್ತು, ನಡುವೆ ಗಿಳಿಮೀನು. ಸ್ವಲ್ಪ ಮುಂದೆ ಈಜಿದರೆ ಬೂದು ಜಲ್ಲಿಯ ಹೊಂಡ. ಬಾಂಬ್ ಬಿದ್ದ ಜಾಗ. ಎರಡನೇ ಮಹಾಯುದ್ಧ ಮುಗಿದಾಗ ಉಳಿದ ಸಿಡಿಮದ್ದಿನಿಂದ ಈ ಕಡಲಲ್ಲಿ ಮೀನಿಗೆ ಬಾಂಬ್ ಹಾಕುವುದು ಶುರುವಾಯಿತು, ಆಮೇಲೆ ಗೊಬ್ಬರ ತುಂಬಿದ ಬಾಟಲಿ ಬಂತು. 1990ರ ದಶಕದಲ್ಲಿ ಸಯನೈಡ್. ಹಾಂಗ್‌ಕಾಂಗ್‌ನ ಹೋಟೆಲುಗಳಿಗೆ ಮುರು ಮೀನು, ನೆಪೋಲಿಯನ್ ಮೀನು ಜೀವಂತ ಬೇಕು. ವಿಷ ಚಿಮುಕಿಸಿದರೆ ಮೀನು ಮತ್ತೇರಿ ಕೈಗೆ ಸಿಗುತ್ತದೆ, ಹವಳ ಸಾಯುತ್ತದೆ. ಕಂಪ್ರೆಸರ್ ಪೈಪು ಬಾಯಲ್ಲಿಟ್ಟು ಆಳಕ್ಕೆ ಹೋದವರು ಬೇಗ ಮೇಲೆ ಬಂದು ಕಾಲಿನ ಸ್ವಾಧೀನ ಕಳೆದುಕೊಂಡರು. ಊರಲ್ಲಿ ಗೋಡೆ ಹಿಡಿದು ನಡೆಯುವ ಒಬ್ಬರನ್ನು ನೋಡಿದೆ. ನನಗಿಂತ ಚಿಕ್ಕವರು.

"ನಾವೂ ಬಾಂಬ್ ಹಾಕಿದ್ದೇವೆ," ಅಂದರು ಮಾವ, ದೋಣಿಯ ಅಂಚಿಗೆ ಒರಗಿ. "ಸಾಲ ಕೊಟ್ಟವನು ಪಟ್ಟಣದವನು. ಬಾಟಲಿ ತಂದು ಕೊಟ್ಟವನು ಪಟ್ಟಣದವನು. ಮೀನು ಕೊಂಡವನೂ ಅವನೇ. ಜೈಲಿಗೆ ಹೋದವನು ನಮ್ಮವನು."

ಚಹಾ, ತ್ರೆಪಾಂಗ್, ಸೆರೆಯಾಳು. ಬೌಬೌ ಕೋಟೆಯ ಮೇಲೆ ನಿಂತು ಯೋಚಿಸಿದ್ದೇ ಇಲ್ಲಿ ಮತ್ತೆ ಕಣ್ಣೆದುರು ಬಂತು. ಇದರಿಂದ ಬಾಂಬ್ ಹಾಕಿದವನ ತಪ್ಪು ಕಡಿಮೆಯಾಗುವುದಿಲ್ಲ, ಹೊಂಡ ಹೊಂಡವೇ. ಆದರೆ ಪ್ರತಿ ಕಾಲದಲ್ಲೂ ಲಾಭದ ತುದಿ ದೂರದಲ್ಲಿ, ಕೆಟ್ಟ ಹೆಸರಿನ ತುದಿ ಇದೇ ನೀರಲ್ಲಿ.

ಮಧ್ಯಾಹ್ನ ಎದುರಿನ ಹೋಗಾ ದ್ವೀಪಕ್ಕೆ ದಾಟಿದೆವು. ಆಪರೇಷನ್ ವಾಲೇಸಿಯಾ ಅನ್ನುವ ಸಂಸ್ಥೆಯ ಸಂಶೋಧನಾ ಕೇಂದ್ರ 1995ರಿಂದ ಇಲ್ಲಿದೆ. 1996ರಲ್ಲಿ ಈ ಇಡೀ ಕಡಲು, ಸುಮಾರು 13.9 ಲಕ್ಷ ಹೆಕ್ಟೇರ್, ರಾಷ್ಟ್ರೀಯ ಉದ್ಯಾನವಾಯಿತು. ಮೊದಲ ವಲಯ ನಕಾಶೆ ಮಾಡುವಾಗ ಇಲ್ಲಿನವರನ್ನು ಸರಿಯಾಗಿ ಕೇಳಿರಲಿಲ್ಲ. ಒಂದು ಬೆಳಿಗ್ಗೆ ಎದ್ದರೆ ಅಜ್ಜನ ಕಾಲದ ಮೀನಿನ ಜಾಗ ನಿಷಿದ್ಧ. ಗಸ್ತಿನವರಿಗೆ ಮೊದಲು ಕಾಣುವುದು ನೀರಿನ ಮೇಲಿನ ಬಾಜೋ ಊರು. 2007ರಲ್ಲಿ ಜನರ ಜೊತೆ ಕೂತು ನಕಾಶೆ ಬದಲಿಸಿದರು. ಪೂರ್ತಿ ಮುಚ್ಚಿದ ಭಾಗ 1,300 ಹೆಕ್ಟೇರ್, ದೊಡ್ಡ ಪಾಲು ಊರಿನವರ ಮೀನುಗಾರಿಕೆಗೆ. 2012ರಲ್ಲಿ ಯುನೆಸ್ಕೋ ಇದನ್ನು ಜೀವಗೋಳ ಮೀಸಲು ಪ್ರದೇಶ ಅಂತ ಗುರುತಿಸಿತು.

ವಾಪಸ್ ಬರುವಾಗ ದೋಣಿಯ ಎಂಜಿನ್ ಕೆಮ್ಮಿ ನಿಂತಿತು. ಹುಡುಗ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗಿಯಲ್ಲಿ ಒರೆಸುತ್ತ ಹೇಳಿದ, "ನಮ್ಮ ಮನೆಯ ಪಾಯ ಹವಳದ್ದು. ಹವಳ ತೆಗೆಯಬೇಡಿ ಅಂತ ಶಾಲೆಯಲ್ಲಿ ಪಾಠ ಹೇಳುವವನೂ ನಾನೇ." ಪ್ರವಾಹ ನಮ್ಮನ್ನು ಮೆಲ್ಲಗೆ ಎಲ್ಲೋ ಒಯ್ಯುತ್ತಿತ್ತು. ಭಾವ ಆವತ್ತು ಲೆಕ್ಕ ಸರಿಮಾಡಿದರು, ಅಂಚಿಗೆ ಬಗ್ಗಿ.

ಆರನೇ ದಿನ: ಆಕ್ಟೋಪಸ್

ಕಲೆದುಪಾ ಸುತ್ತ ಕೆಲವು ಊರುಗಳಲ್ಲಿ ಹೊಸ ಪ್ರಯೋಗ ನಡೆದಿದೆ. ಆಕ್ಟೋಪಸ್ ಹಿಡಿಯುವ ದಿಬ್ಬದ ಒಂದು ಭಾಗವನ್ನು ಊರಿನವರೇ ಸೇರಿ ಕೆಲವು ತಿಂಗಳು ಮುಚ್ಚುತ್ತಾರೆ, ಆಮೇಲೆ ಒಂದು ದಿನ ಗೊತ್ತು ಮಾಡಿ ತೆರೆಯುತ್ತಾರೆ. 2004ರಲ್ಲಿ ಮಡಗಾಸ್ಕರ್‌ನ ಮೀನುಗಾರರು ಶುರು ಮಾಡಿದ ಉಪಾಯ ಇದು. ಇದರಲ್ಲಿ ಜಾಣತನ ಇದೆ. ಈ ಆಕ್ಟೋಪಸ್ ಬದುಕುವುದು ಒಂದು, ಒಂದೂವರೆ ವರ್ಷ. ಬೆಳೆಯುವುದು ಬಹಳ ಬೇಗ. ಮೂರು ತಿಂಗಳು ಸುಮ್ಮನಿದ್ದರೆ ತೂಕ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಮುರು ಮೀನಿಗೆ ಹೀಗೆ ಕಾಯಬೇಕಾದರೆ ವರ್ಷಗಟ್ಟಲೆ ಬೇಕು, ಅಷ್ಟು ಹೊತ್ತಿಗೆ ಸಾಲ ಕೊಟ್ಟವನು ಬಾಗಿಲಿಗೆ ಬಂದಿರುತ್ತಾನೆ.

ಕಲೆದುಪಾದ ದಂಡೆಯಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಕಬ್ಬಿಣದ ಸಲಾಕೆ ಹಿಡಿದು ಹೊರಟಿದ್ದರು. ಆಕ್ಟೋಪಸ್ ಬಿಲ ಗುರುತಿಸುವುದು ಹೇಗೆ ಅಂತ ಒಬ್ಬ ಅಕ್ಕ ತೋರಿಸಿದರು. ತಿಂದು ಬಿಸಾಡಿದ ಚಿಪ್ಪು, ಏಡಿ ಕಾಲು ಬಾಗಿಲಲ್ಲೇ ಬಿದ್ದಿರುತ್ತದೆ. ಮುಚ್ಚಿದ ಭಾಗಕ್ಕೆ ಬಿದಿರಿನ ಗೂಟ, ತೇಲುವ ಬಾಟಲಿ. ಅಷ್ಟೇ ಬೇಲಿ. ಅದರಾಚೆ ಅವರು ಕಾಲಿಡಲಿಲ್ಲ. ನಾನು ಗೂಟದ ಹತ್ತಿರ ಹೋದರೆ ಅಲ್ಲಿಂದಲೇ ಗದರಿಸಿದರು.

ಹುಡುಗನಿಗೆ ನಮ್ಮೂರಿನ ಮೀನುಗಾರಿಕೆ ರಜೆಯ ಬಗ್ಗೆ ಹೇಳಿದೆ. ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ, ಚಿಕ್ಕ ನಾಡದೋಣಿ ಹೋಗಬಹುದು. ಅವನು ಕೂಡಲೇ ಕೇಳಿದ್ದು, "ಗೆರೆ ಎಳೆದವರು ಯಾರು?" ಸರ್ಕಾರ, ಅಂದೆ. "ದೊಡ್ಡ ದೋಣಿಯವರು ಕೇಳ್ತಾರಾ?" ಹೆಚ್ಚಾಗಿ ಕೇಳ್ತಾರೆ, ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಏಳನೇ ದಿನ: ವಾಪಸ್

ಬೆಳಿಗ್ಗೆ ಜೆಟ್ಟಿಯಲ್ಲಿ ಗಲಾಟೆ. ರಾತ್ರಿ ಯಾರೋ ಮುಚ್ಚಿದ ದಿಬ್ಬಕ್ಕೆ ಕಂಪ್ರೆಸರ್ ತಂದು ಇಳಿದಿದ್ದರು. ಗೂಟ ಮುರಿದಿತ್ತು. ನಿನ್ನೆ ನನ್ನನ್ನು ಗದರಿಸಿದ ಅಕ್ಕ ಇವತ್ತು ಇಡೀ ಜೆಟ್ಟಿಯನ್ನೇ ಗದರಿಸುತ್ತಿದ್ದರು. ಉದ್ಯಾನದ ಗಸ್ತಿಗೆ ಹೇಳಬೇಕು ಅಂತ ಅರ್ಧ ಜನ. ಬೇಡ, ಪೊಲೀಸ್ ಬಂದರೆ ಎಲ್ಲರ ದೋಣಿ ತಪಾಸಣೆ, ನಾವೇ ನೋಡಿಕೊಳ್ಳೋಣ ಅಂತ ಇನ್ನರ್ಧ. ಹುಡುಗ ನಮ್ಮ ಚೀಲಗಳನ್ನು ವಾಂಚಿ ದೋಣಿಗೆ ಎಸೆದು, ಸಭೆ ಇದೆ ಅಂತ ಕೈ ಬೀಸಿ ಓಡಿದ.

ವಾಂಚಿಯಿಂದ ವಿಮಾನ ತಡವಾಗಿ ಬಂತು. ಕೆಂಡಾರಿಯಲ್ಲಿ ರಾತ್ರಿ ಕಳೆದೆವು. ಊರಿಗೆ ಬಂದ ಮೇಲೆ ಅವನ ಮೆಸೇಜ್ ಬಂತು. ಇಳಿದವರು ಯಾರು ಅಂತ ಗೊತ್ತಾಯಿತು, ಅವನ ಹೆಂಡತಿಯ ಕಡೆಯವರೇ, ಬೇರೆ ದ್ವೀಪದವರು. ಗಸ್ತಿಗೆ ಹೇಳಲಿಲ್ಲವಂತೆ. ಹಿಡಿದ ಆಕ್ಟೋಪಸ್ಸಿನ ಬೆಲೆಯನ್ನು ಮಸೀದಿಗೆ ಕಟ್ಟಿಸಿಕೊಂಡರು, ಗೂಟ ಅವರ ಕೈಯಿಂದಲೇ ಮತ್ತೆ ನೆಡಿಸಿದರು. ಮುಂದಿನ ಸಲ ದಿಬ್ಬ ತೆರೆಯುವ ದಿನ ಅವರನ್ನೂ ಕರೆಯಬೇಕಾ ಬೇಡವಾ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಅವನ ಹೆಂಡತಿ ಕರೆಯಲೇಬೇಕು ಅಂತಾಳಂತೆ, ಅಕ್ಕ ಸುತರಾಂ ಬೇಡ ಅಂತಾರಂತೆ. ಕೊನೆಗೆ, ಆ ಉಪ್ಪಿನಕಾಯಿ ಇನ್ನೂ ಇದೆಯಾ ಅಂತ ಕೇಳಿದ್ದ.